ಐದು ಕೊಟ್ಟವರು

ಮೂರನೇ ಮಹಡಿಯ ಬಾಗಿಲ ಮುಂದೆ ನಿಂತು ಅಳಿಯ ಮತ್ತೊಮ್ಮೆ ಎಚ್ಚರಿಸಿದ. ಒಳಗೆ ಹೋದ ಮೇಲೆ ಮಾವ ಹೆಚ್ಚು ಮಾತಾಡಬಾರದು. ಟೈರಿನ ವಿಷಯವನ್ನಂತೂ ಎತ್ತಲೇಬಾರದು. ಒಳಗಿರುವವರು ರಸಿಕರು.

ಏದುಸಿರು ಬಿಡುತ್ತಲೇ ಮಾವ ತಲೆಯಾಡಿಸಿದರು. ಅವರಿಗೆ ಎರಡು ಟೈರ್ ಅಂಗಡಿಗಳಿದ್ದವು. ಮೊದಲು ಮೂರಿದ್ದವು, ಮೂರನೆಯದು ಅಳಿಯನ ಸಿನಿಮಾ ಆಗಿ ಹೋಗಿತ್ತು.

ಆ ಸಿನಿಮಾದಲ್ಲಿ ನಾಯಕ ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನು ಹನ್ನೊಂದು ನಿಮಿಷ ನೋಡುತ್ತಾನೆ. ಆಮೇಲೆ ನೀರು ನಿಲ್ಲುತ್ತದೆ. ನಾಯಕ ನೋಡುವುದನ್ನು ನಿಲ್ಲಿಸುವುದಿಲ್ಲ. ಚಿತ್ರಮಂದಿರದಲ್ಲಿ ನಾಲ್ಕು ದಿನ ಓಡಿತು ಎಂದು ಅಳಿಯ ಹೇಳುತ್ತಿದ್ದ. ಓಡಿದ್ದು ಸಿನಿಮಾ ಅಲ್ಲ, ಜನ ಎಂದು ಮಾವ ತಿದ್ದುತ್ತಿದ್ದರು.

ನಂತರ ಅದು ಫೋನಿಗೆ ಬಂತು. ನೋಡಿದವರು ಒಂದರಿಂದ ಐದರೊಳಗೆ ಒಂದು ಅಂಕಿ ಒತ್ತಿ ಅಭಿಪ್ರಾಯ ಹೇಳುವ ಜಾಲತಾಣದಲ್ಲಿ ಮೊದಲ ವಾರದ ಸರಾಸರಿ ಒಂದೂವರೆ. ಮಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಒಂದೂವರೆಯೇ. ಇನ್ನು ಸಿನಿಮಾ ಸಾಕು, ಸೋಮವಾರದಿಂದ ಅಂಗಡಿಗೆ ಬಂದು ಕೂತುಕೋ ಎಂದರು.

ಅಳಿಯ ಸುಲಭಕ್ಕೆ ಸೋಲುವವನಲ್ಲ. ಗೆರೆ ಎಳೆದ ಹಾಳೆಗಳನ್ನು ಹರಡಿದ. ಈಚೆಗೆ ಎಲ್ಲ ಹೊಸ ಚಿತ್ರಗಳ ಅಂಕಿಯೂ ಇಳಿಯುತ್ತಿದೆ, ಗೆರೆ ನೋಡಿ, ಜಾರುಬಂಡೆಯ ಹಾಗಿದೆ. ಜನರಿಗೆ ವ್ಯವಧಾನವಿಲ್ಲ. ಬಸ್ಸಿನಲ್ಲಿ ಜೋತುಬಿದ್ದು ಅರ್ಧ ನೋಡುತ್ತಾರೆ, ಇಳಿಯುವಾಗ ಒಂದು ಒತ್ತಿ ಇಳಿಯುತ್ತಾರೆ.

“ಕೆಟ್ಟಿರೋದು ಸಿನಿಮಾ ಅಲ್ಲ ಮಾವ, ನೋಡೋರು.”

“ಊರೆಲ್ಲ ಮಳೇಲಿ ನೆನೆದ್ರೆ ನಿನ್ನ ಬಟ್ಟೆ ಒಣಗಿದೆ ಅಂತ ಅರ್ಥವಾ?” ಎಂದು ಮಾವ ಕೇಳಿದರು.

ಆಗ ಸಿಕ್ಕಿದವಳು ಈ ಮೂರನೇ ಮಹಡಿಯ ಅಜ್ಜಿ. ಜಾಲತಾಣದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಅಂಕಿ ಒತ್ತಿದ್ದಳು. ಜನ ಕೊಂಡಾಡಿದ ದೊಡ್ಡ ದೊಡ್ಡ ಚಿತ್ರಗಳಿಗೆಲ್ಲ ಒಂದು. ಕರುಣೆ ತೋರಿದರೆ ಎರಡು. ಅಂಥ ಒಂದು ಚಿತ್ರದ ಕೆಳಗೆ ‘ಕಣ್ಣಲ್ಲಿ ನೀರು ಬಂತು’ ಎಂದು ಬರೆದಿದ್ದಳು. ಪಾಪ, ಅಷ್ಟು ಹಿಂಸೆಯಾಗಿದೆ ಎಂದು ಅಳಿಯ ಮರುಗಿದ. ಆ ಇನ್ನೂರರಲ್ಲಿ ಐದು ಪಡೆದದ್ದು ಒಂದೇ ಒಂದು: ಅವನದು. ‘ಇಂಥದ್ದನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ, ಮಗಳು ಬಂದು ಎಚ್ಚರಿಸಬೇಕಾಯಿತು. ಆರು ಎಂಬ ಅಂಕಿ ಇದ್ದಿದ್ದರೆ ಆರೇ ಕೊಡುತ್ತಿದ್ದೆ.’

ಮೈಮರೆತಿದ್ದಾರೆ, ಎಂದ ಅಳಿಯ. ಅವನ ಕಣ್ಣಲ್ಲೂ ನೀರು ಬಂತು.

ಅಲ್ಲಿಂದ ಐದುಗಳ ಸುರಿಮಳೆ. ತಿಂಗಳೊಳಗೆ ನಲವತ್ತು. ಉಳಿದವರ ಗೆರೆ ಇಳಿಯುತ್ತಿದ್ದಾಗ ಅವನದು ಮೂರನ್ನು ದಾಟಿತು. ಮಾವ ವ್ಯಾಪಾರಿ; ಬೆಣ್ಣೆ ಕದ್ದ ಬೆಕ್ಕನ್ನು ದೂರದಿಂದಲೇ ಗುರುತಿಸಬಲ್ಲವರು. ಈ ಐದನ್ನೆಲ್ಲ ನೀನೇ ಒತ್ತಿಸಿದ್ದಲ್ಲ ತಾನೇ ಎಂದು ಕೇಳಿದರು. ಅಳಿಯ ಆಣೆ ಇಟ್ಟ. ಹಾಗಾದರೆ ಆ ಹೆಂಗಸು ನನ್ನೆದುರು ಬಾಯಿಬಿಟ್ಟು ಹೇಳಲಿ, ಮುಂದಿನ ಸಿನಿಮಾದ ಕರಾರಿಗೆ ಅಲ್ಲೇ ಸಹಿ ಹಾಕುತ್ತೇನೆ. ಇಲ್ಲದಿದ್ದರೆ ಸೋಮವಾರ ಅಂಗಡಿ, ಎಂದರು ಮಾವ. ಅಳಿಯ ಅಜ್ಜಿಗೆ ಬರೆದ. ‘ಬನ್ನಿ, ನಿಮಗೆ ನಾಲ್ಕು ಮಾತು ಹೇಳಬೇಕೆಂದು ನನಗೂ ಇತ್ತು’ ಎಂದು ಉತ್ತರ ಬಂತು.

ಬಾಗಿಲು ತೆರೆಯಿತು. ಸಣ್ಣ ಕೋಣೆ, ಕಿಟಕಿಯ ಬಳಿ ಮೇಜು, ನೀರಿನ ಜಗ್ಗಿಗೆ ಒರಗಿಸಿದ ಫೋನು. ಅಜ್ಜಿ ಅಳಿಯನ ಮುಖಕ್ಕಿಂತ ಮೊದಲು ಅವನ ಅಂಗಿಯನ್ನು ನೋಡಿದಳು. ತೋಳಿನ ಹತ್ತಿರ ಒಂದು ಎಳೆ ತಪ್ಪಿದೆ ಎಂದಳು. ಮಾವ ಬಗ್ಗಿ ನೋಡಿದರು. ಹೌದು, ತಪ್ಪಿತ್ತು.

ಅದೇ ತನ್ನ ಕೆಲಸವಾಗಿತ್ತು ಎಂದಳು ಅಜ್ಜಿ. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯಲ್ಲಿ, ದೀಪ ಹಾಕಿದ ಗಾಜಿನ ಮೇಲೆ ಹರಿದು ಬರುವ ಬಟ್ಟೆಯನ್ನು ನೋಡುವುದು, ದೋಷ ಹುಡುಕುವುದು, ಸುರುಳಿ ಮುಗಿದ ಮೇಲೆ ಅದರ ದರ್ಜೆಯ ಮುದ್ರೆ ಒತ್ತುವುದು. ಅಳಿಯ ಮಾವನ ಕಡೆ ನೋಡಿದ. ಇಂಥ ಕಣ್ಣು ನನ್ನನ್ನು ಆರಿಸಿದೆ ಎಂಬುದು ಆ ನೋಟದ ಅರ್ಥ.

ಮಾವ ನೇರವಾಗಿ ಕೇಳಿದರು: ಇವನು ನಿಮಗೆ ಏನಾದರೂ ಕೊಟ್ಟನೇ?

ಅಜ್ಜಿಯ ಮುಖ ಬಿಗಿಯಿತು. “ನಮ್ಮ ಮಾಲೀಕರು ಬಂದು ಗೋಗರೆದಾಗ್ಲೂ ನಾನು ಮುದ್ರೆ ಬದಲಾಯಿಸಿದವಳಲ್ಲ.”

ಮಾವ ತಪ್ಪಾಯಿತು ಎಂದರು. ಪೂರ್ತಿ ನೋಡಿದಿರಾ ಎಂದು ವಿಚಾರಿಸಿದರು. ಎರಡು ಸಲ, ಎಂದಳು. ಒಂದೇ ಸಲ ನೋಡಿ ತೀರ್ಮಾನಿಸಿದರೆ ಹುಡುಗನಿಗೆ ಅನ್ಯಾಯವಾಗುತ್ತದೆ ಎಂದು ಎರಡನೇ ಸಲ ಮುಖ ತೊಳೆದುಕೊಂಡು ಕೂತಿದ್ದಳಂತೆ. ಜೊತೆಗೆ ಕೆಲಸ ಮಾಡಿದ ಹೆಂಗಸರಿಗೂ ತೋರಿಸಿದಳಂತೆ. ಬೇರೆ ಯಾವ ಸಿನಿಮಾ ಬಂದರೂ ಅವರಲ್ಲಿ ಜಗಳ. ಇದೊಂದಕ್ಕೆ ನಲವತ್ತು ಜನರೂ ಒಂದೇ ಮಾತು, ಐದು.

ಮಾವನಿಗೆ ಹೆಮ್ಮೆ ತಡೆಯಲಾಗಲಿಲ್ಲ. ಕೆಲಸಕ್ಕೆ ಬಾರದ ಅಳಿಯ ಎಂದು ಇಷ್ಟು ದಿನ ಹಳಿದದ್ದಕ್ಕೆ ನಾಚಿಕೆಯೂ ಆಯಿತು. ಕರಾರಿನ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ ಪೆನ್ನಿನ ಮುಚ್ಚಳ ತೆಗೆದರು.

ಅಳಿಯ ಫೋನ್ ಎತ್ತಿ ಹಿಡಿದ. ಈ ಮಾತುಗಳನ್ನು ಜಾಹೀರಾತಿನಲ್ಲಿ ಜಗತ್ತಿಗೇ ಕೇಳಿಸುವ ಆಸೆ ಅವನಿಗೆ. ಗಂಟಲು ಸರಿಮಾಡಿಕೊಂಡು, ಐದು ಯಾಕೆ ಕೊಟ್ಟಿರಿ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಿ ಅಮ್ಮ ಎಂದ.

ಅಜ್ಜಿ ಅವನ ಕೈ ಹಿಡಿದು ಸಮಾಧಾನದ ದನಿಯಲ್ಲಿ ಹೇಳಿದಳು: “ಬೇಜಾರು ಮಾಡ್ಕೋಬೇಡಪ್ಪ, ನಮ್ಮ ಗಿರಣೀಲಿ ಒಂದನೇ ನಂಬರ್ ಅಂದ್ರೆ ಅಪ್ಪಟ ಮಾಲು, ಐದನೇ ನಂಬರ್ ಅಂದ್ರೆ ಮಿಷನ್ ಒರೆಸೋ ಚಿಂದಿ.”