ರಂಗಪ್ಪನ ಕಾವಲು

ಚಾವಡಿಯ ನೋಟಿಸ್ ಬೋರ್ಡಿನ ಮೇಲೆ ಹೊಸ ಕಾಗದ ಬಿದ್ದಿತ್ತು. ಅಂಟು ಇನ್ನೂ ಹಸಿ. ರಂಗಪ್ಪ ಟೀ ಲೋಟವನ್ನು ಜಗಲಿಯ ಮೇಲೆ ಕುಕ್ಕಿ ಎದ್ದೋಡಿದ. ಕನ್ನಡಕ ಏರಿಸಿ ಮೊದಲ ಸಾಲಿನಿಂದ ಮೊಹರಿನವರೆಗೂ ಓದಿದ. ಪಂಚಾಯ್ತಿ ಹುಣಸೆಮರಗಳ ಫಸಲಿನ ಹರಾಜು.

"ಹುಣ್ಸೆಹಣ್ಣು ಬೇಕೇನಣ್ಣ?" ಅಂಟಿನ ಡಬ್ಬಿ ಹಿಡಿದು ನಿಂತಿದ್ದ ತಿಮ್ಮರಾಯಪ್ಪ ನಕ್ಕ. ಅವನು ಗ್ರಾಮ ಸಹಾಯಕ. ಶಿವನಿ ಕಡೆಯ ಮೂರು ಗ್ರಾಮಗಳಿಗೆ ಸರ್ಕಾರದ ಕಾಗದ ಅಂಟಿಸುವುದು ಅವನ ಕೆಲಸ.

"ನಮ್ಮ ತೋಟದ ನೋಟಿಸು ಬಂತೇನೋ?"

"ನಿಮ್ಮೂರಿಗೆ ಒಂದೂ ಬಂದಿಲ್ಲ ಕಣಣ್ಣ, ದೇವ್ರಾಣೆ. ಬಂದ್ರೆ ಮೊದ್ಲು ನಿಂಗೇ ಹೇಳ್ತೀನಿ."

ತಿಮ್ಮರಾಯಪ್ಪ ಸುಳ್ಳು ಹೇಳುವ ಆಸಾಮಿಯಲ್ಲ. ರಂಗಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಚಾವಡಿ ಜಗಲಿಗೆ ಬಂದು ಕೂತ. ಟೀ ಆರಿಹೋಗಿತ್ತು.

ಹೀಗೆ ಕೂರಲು ಶುರುಮಾಡಿ ಎರಡು ತಿಂಗಳಾಗಿತ್ತು. ಸೋಲಾರ್ ಪಾರ್ಕಿಗೆ ಜಮೀನು ಹೋಗುತ್ತದೆ ಎಂಬ ಸುದ್ದಿ ಮೊದಲು ಅಜ್ಜಂಪುರದ ಸಂತೆಯಲ್ಲಿ ಹುಟ್ಟಿತು. ಹನ್ನೊಂದು ಮನೆಯವರ ಜಮೀನು. ಅದರಲ್ಲಿ ರಂಗಪ್ಪನ ಮೂರೆಕರೆ ತೆಂಗೂ ಸೇರಿತ್ತು. ಬೋರ್‌ವೆಲ್ ಇಲ್ಲದ ಕಾಲದಲ್ಲಿ ಅವನೂ ಹೆಂಡತಿ ಕೆಂಚಮ್ಮನೂ ಕೊಡದಲ್ಲಿ ನೀರು ಹೊತ್ತು ಬದುಕಿಸಿದ ಗಿಡಗಳು. ತೋಟ ಹೋದರೆ ತಾನೂ ಹೋದಂತೆ ಎಂದು ಅವನು ಯಾರ ಮುಂದೆಯೂ ಮುಚ್ಚಿಡದೆ ಹೇಳುತ್ತಿದ್ದ.

ಕಡೂರಿನ ವಕೀಲರು ಒಂದೇ ಮಾತು ಹೇಳಿದ್ದರು. ನೋಟಿಸು ಅಂಟಿಸಿದ ದಿನದಿಂದ ಮೂವತ್ತು ದಿನದೊಳಗೆ ತಕರಾರು ಅರ್ಜಿ ಬೀಳಬೇಕು. ಆಮೇಲೆ ಹೋದರೆ ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆ ವಕೀಲರ ಬಳಿ ಟೈಪಿಂಗ್ ಮಾಡುತ್ತಿದ್ದ ರಂಗಪ್ಪನ ಮಗಳು ಸ್ಫೂರ್ತಿ ಅರ್ಜಿ ಸಿದ್ಧ ಮಾಡಿಟ್ಟಿದ್ದಳು. ಹನ್ನೊಂದು ಮನೆಯವರ ಸಹಿಯೂ ಬಿದ್ದಿತ್ತು. ನೋಟಿಸಿನ ನಂಬರು, ತಾರೀಖು ತುಂಬುವುದಷ್ಟೇ ಬಾಕಿ.

"ನೀನು ಓದಿದೋನು, ಬೋರ್ಡು ನೋಡ್ಕೊ," ಎಂದು ಎಲ್ಲರೂ ಕಾವಲನ್ನು ರಂಗಪ್ಪನ ತಲೆಗೆ ಕಟ್ಟಿದರು.

"ಊರಿಗೆ ಬಂದೋಳು ನೀರಿಗೆ ಬರ್ದೆ ಇರ್ತಾಳಾ? ಬರ್ಲಿ, ಹಿಡೀತೀನಿ," ಎಂದ ರಂಗಪ್ಪ.

ಅಂದಿನಿಂದ ಅವನು ತೋಟದ ಕಡೆ ತಲೆ ಹಾಕಲಿಲ್ಲ. ಅದು ಇದ್ದದ್ದು ಎರಡು ಮೈಲಿ ಆಚೆ, ಪ್ಲೇಗಿನ ಕಾಲಕ್ಕೆ ಜನ ಬಿಟ್ಟುಹೋದ ಹಾಳೂರಿನ ಮಗ್ಗುಲಲ್ಲಿ. ಈಗ ಅಲ್ಲಿ ಉಳಿದಿರುವುದು ಒಂದು ಮುರುಕು ಗುಡಿ, ಹೂತುಹೋದ ಬಾವಿ. ಅಕ್ಷರ ಬಾರದ ಕೆಂಚಮ್ಮ ಒಬ್ಬಳೇ ದಿನಾ ಆ ದಾರಿಯಲ್ಲಿ ಹೋಗಿ ನೀರು ಬಿಟ್ಟು ಬರುತ್ತಿದ್ದಳು. ಬಂದು ಗೊಣಗುತ್ತಿದ್ದಳು.

ತಿಮ್ಮರಾಯಪ್ಪನನ್ನು ಮಾತ್ರ ರಂಗಪ್ಪ ಕಣ್ಣರೆಪ್ಪೆಯಂತೆ ನೋಡಿಕೊಂಡ. ಎಳನೀರು ಕೊಟ್ಟ. ಗಾಡಿಗೆ ಪೆಟ್ರೋಲು ಹಾಕಿಸಿದ. ಮಹಜರಿಗೆ ಪಂಚರು ಸಿಗಲಿಲ್ಲ ಎಂದು ಅವನು ಅಂದಾಗಲೆಲ್ಲ ತಾನೇ ಪಂಚನಾಗಿ ಸಾಕ್ಷಿ ಸಹಿ ಹಾಕಿಕೊಟ್ಟ. ಬಣವೆ ಸುಟ್ಟದ್ದೋ, ಬದು ಒತ್ತಿದ್ದೋ, ಎಂಥದ್ದೋ. ಚಾವಡಿಯಲ್ಲಿ ಮಹಜರನ್ನು ಓದಿ ಸಹಿ ಹಾಕುವ ಪದ್ಧತಿ ಅವರಪ್ಪನ ಕಾಲದಿಂದಲೂ ಇಲ್ಲ. ಓದಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದಂತೆ. ನಂಬಿಕೆ ಕೆಡಿಸಿಕೊಳ್ಳುವ ಕಾಲವೇ ಇದು?

ಹುಣಸೆ ಹರಾಜಿನ ಕಾಗದ ಬಿದ್ದ ಮಾರನೆಯ ಬೆಳಿಗ್ಗೆ ಕೆಂಚಮ್ಮನ ಫೋನು ಬಂತು.

"ಯಾರೋ ಬಂದು ನಮ್ಮ ಮರಕ್ಕೆಲ್ಲ ಕೆಂಪು ಬಣ್ಣದಾಗೆ ನಂಬರ್ ಬರೀತಾವ್ರೆ ಕಣ್ರೀ! ನೀವು ಅಲ್ಲೇ ಕುಂತಿರಿ!"

ರಂಗಪ್ಪ ಅರ್ಜಿ ಎತ್ತಿಕೊಂಡು ಸಿಕ್ಕ ಬಸ್ಸು ಹತ್ತಿ ಅಜ್ಜಂಪುರದ ತಾಲ್ಲೂಕು ಕಚೇರಿಗೆ ಬಂದ. ಭಯಕ್ಕಿಂತ ಸಿಟ್ಟೇ ಹೆಚ್ಚಿತ್ತು. ನೋಟಿಸೇ ಇಲ್ಲದೆ ಮರ ಮುಟ್ಟುವ ಹಾಗಿಲ್ಲ, ಇವತ್ತು ಬಿಡುವುದಿಲ್ಲ ಎಂದುಕೊಂಡ.

ಜಮೀನಿನ ಫೈಲು ನೋಡಿಕೊಳ್ಳುವ ಗುಮಾಸ್ತೆ ಹೇಮಶ್ರೀ ಅವನನ್ನು ಕೂರಿಸಿ ನೀರು ಕೊಟ್ಟಳು. ಹಾಳೆ ತಿರುವಿದಳು.

"ನೋಟಿಸ್ ಅಂಟಿಸಿ ಮೂವತ್ತನಾಲ್ಕು ದಿನ ಆಗಿದೆ ಯಜಮಾನ್ರೇ. ಈ ಅರ್ಜಿ ತಗೊಳ್ಳೋಕೆ ಬರಲ್ಲ."

"ಸುಳ್ಳು! ನಾನು ದಿನಾ ಬೋರ್ಡ್ ಮುಂದೇನೇ ಕುಂತಿದ್ದೆ ತಾಯಿ. ನಮ್ಮೂರಾಗೆ ಅಂಟಿಸೇ ಇಲ್ಲ."

"ನಿಮ್ಮೂರಲ್ಲಿ ಯಾಕೆ ಅಂಟಿಸ್ತಾರೆ? ಜಮೀನು ಇರೋ ಗ್ರಾಮದಲ್ಲಿ ಅಂಟಿಸ್ಬೇಕು. ನಿಮ್ಮ ತೋಟ ಹಾಳೂರಿಗೆ ಸೇರಿದ್ದು. ಜನ ಇಲ್ದಿದ್ರೂ ರೆಕಾರ್ಡ್‌ನಲ್ಲಿ ಅದೂ ಒಂದು ಗ್ರಾಮ." ಅವಳು ಫೋಟೊ ತೋರಿಸಿದಳು. ಮುರುಕು ಗುಡಿಯ ಗೋಡೆಗೆ ಬಿಳಿ ಕಾಗದ ಅಂಟಿತ್ತು.

ಪಹಣಿಯ ತಲೆಯ ಮೇಲೆ ಆ ಊರಿನ ಹೆಸರನ್ನು ರಂಗಪ್ಪ ನೂರು ಸಲ ನೋಡಿದ್ದ. ಕಂದಾಯ ಕಟ್ಟುವುದು, ಬೀಜ ತರುವುದು ಎಲ್ಲ ತಮ್ಮ ಚಾವಡಿಯಲ್ಲೇ ನಡೆಯುತ್ತಿದ್ದರಿಂದ ಅದು ಲೆಕ್ಕಕ್ಕೇ ಬಂದಿರಲಿಲ್ಲ.

"ಅಲ್ಲಿ ಓದೋಕೆ ಯಾರವ್ರೆ ತಾಯಿ?"

"ಅಂಟಿಸ್ಬೇಕು ಅಂತ ರೂಲ್ಸ್ ಇದೆ. ಓದ್ಲೇಬೇಕು ಅಂತ ಇಲ್ಲ." ಹಾಗೆಂದ ಅವಳಿಗೂ ಬೇಜಾರಾಗಿತ್ತು.

ಹನ್ನೊಂದು ಮನೆಯವರ ಮುಖ ಅವನ ಕಣ್ಣ ಮುಂದೆ ಬಂತು. ಅವರಿಗೆ ಏನು ಹೇಳುವುದು? ಯಾರ ಕೊರಳಪಟ್ಟಿ ಹಿಡಿಯುವುದು? ಅವನು ಮೇಜು ಗುದ್ದಿ ಎದ್ದ.

"ನರಪಿಳ್ಳೆ ಇಲ್ದಿರೋ ಕಡೆ ಅಂಟಿಸಿದ್ದು ನಿಜ ಅನ್ನೋಕೆ ಸಾಕ್ಷಿ ಯಾವನು? ಆ ದ್ರೋಹಿ ಹೆಸ್ರು ಹೇಳಿ, ಕೋರ್ಟಿಗೆ ಎಳೀತೀನಿ!"

ಹೇಮಶ್ರೀ ನೋಟಿಸ್ ಅಂಟಿಸಿದ್ದರ ಮಹಜರಿನ ಹಾಳೆಯನ್ನು ಅವನ ಕಡೆ ತಿರುಗಿಸಿದಳು. ಒಂದನೇ ಪಂಚರ ಜಾಗದಲ್ಲಿ ಅವನದೇ ಸಹಿ ಇತ್ತು.