ಇನ್ನೊಂದು ಕೈ

ತಾನೇ ಅರವತ್ತು ಎಂದು ಬರೆದಿದ್ದ ಜಾಗದಲ್ಲಿ ಮತ್ತೆ ಮೂವತ್ತು ಬಂದು ಕೂತಿತ್ತು. ಹುಡುಗಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಮೂವತ್ತೇ. ಬೆಳಿಗ್ಗೆ ಬಂದವಳೇ ಬದಲಾಯಿಸಿ, ಸೇವ್ ಮಾಡಿ, ಆಮೇಲಲ್ಲವೇ ಕಾಫಿಗೆ ಹೋದದ್ದು? ಅಥವಾ ಬದಲಾಯಿಸಬೇಕು ಎಂದುಕೊಳ್ಳುತ್ತಲೇ ಕಾಫಿಗೆ ಹೋಗಿಬಿಟ್ಟಳೇ? ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ.

ಅದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ಕೋಣೆ. ಕೆಳಗಿನ ಚೀಟಿ ಕೌಂಟರುಗಳಿಗೂ ರೋಗಿಗಳ ವಿವರವಿರುವ ಡೇಟಾಬೇಸಿಗೂ ನಡುವೆ ನಿಂತು ಮಾತು ಮುಟ್ಟಿಸುವ ಮಿಡಲ್‌ವೇರ್ ನಾಲ್ಕು ಸರ್ವರ್‌ಗಳಲ್ಲಿ ಓಡುತ್ತಿತ್ತು. ಎರಡು ಇವಳ ಪಾಲಿನವು, ಇನ್ನೆರಡು, ಎ.ಸಿ.ಯ ಚಳಿಗೆ ಹೆದರಿ ವರ್ಷವಿಡೀ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಅಡ್ಡಗೋಡೆಯ ಆಚೆ ಕೂರುವ ಮಫ್ಲರ್ ಸರ್‌ದು. ಮಿಡಲ್‌ವೇರ್ ಒಂದೇ ಸಲಕ್ಕೆ ಎಷ್ಟು ಜನರ ಕೆಲಸ ದಾಟಿಸಬಹುದು ಎನ್ನುವ ಸಂಖ್ಯೆ ಆ ಅರವತ್ತು. ಕಡಿಮೆಯಾದರೆ ಕೌಂಟರಿನ ಪರದೆಗಳು ಮರಗಟ್ಟಿ, ಚೀಟಿಗೆ ನಿಂತವರ ಸಾಲು ಬಾಗಿಲು ದಾಟುತ್ತಿತ್ತು. ತನ್ನ ಸರ್ವರ್‌ಗಳಿಗೆ ತಾನಲ್ಲದೆ ಬೇರೆ ಯಾರೂ ಕೈ ಹಾಕುವುದಿಲ್ಲ. ಹಾಗಾದರೆ ತಪ್ಪು ತನ್ನದೇ.

ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದು ಸಲ ಮಾಡಿದ ಕೆಲಸ ನಿಲ್ಲಬೇಕು, ಈ ವಾರ ನೋಡಿ ಹೇಳ್ತೀನಿ ಎಂದಿದ್ದರು ವಿಭಾಗದ ಮುಖ್ಯಸ್ಥೆ ಮೇಡಂ. ಯಾರನ್ನಾದರೂ ಕೇಳೋಣವೆಂದರೆ ಗಂಟಲು ದಾಟಿ ಮಾತು ಹೊರಗೆ ಬರಬೇಕಲ್ಲ. ಅಲ್ಲದೆ ಮನೆಯಲ್ಲೂ ಇದೇ ಕಥೆ. ಹಾಲು ಕಾಯಿಸಿದ ಮೇಲೆ ಒಲೆ ಆರಿಸಿಯೇ ಬಂದೆ ಎಂದು ಇವಳ ನೆನಪು. ಹೋಗಿ ನೋಡಿದರೆ ಉರಿಯುತ್ತಿರುತ್ತದೆ. "ಇಷ್ಟು ಓದಿದೀಯ, ಗ್ಯಾಸ್ ಆರಿಸೋಕೆ ಇನ್ನೊಂದು ಡಿಗ್ರಿ ಬೇಕೇನೇ?" ಎಂದು ಅಮ್ಮ ಮೊನ್ನೆ ತಾನೇ ಚುಚ್ಚಿದ್ದಳು. ತಲೆಯಲ್ಲೇ ಎಲ್ಲೋ ತೂತು ಬಿದ್ದಿದೆ ಎಂದು ಹುಡುಗಿಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೌಂಟರಿನಿಂದ ಫೋನಿನ ಮೇಲೆ ಫೋನು. ಮೇಡಂ ಬಂದು ಅವಳ ಬೆನ್ನ ಹಿಂದೆಯೇ ನಿಂತರು. ಹುಡುಗಿ ಅರವತ್ತು ಬರೆದಳು, ಸೇವ್ ಮಾಡಿದಳು, ತೆರೆದು ತೋರಿಸಿದಳು. ಸರಿ ಎಂದರು ಮೇಡಂ. ಬದಲಾಯಿಸಿದ್ದು ಜಾರಿಗೆ ಬರಬೇಕಾದರೆ ಸರ್ವರನ್ನು ಒಮ್ಮೆ ಆರಿಸಿ ಮತ್ತೆ ಶುರು ಮಾಡಬೇಕು. ಇವಳು ಆರಿಸಿದಳು, ಇಬ್ಬರೂ ಕಾದರು. ಸರ್ವರ್ ಎದ್ದು ಕೂತಿತು. ಮೂವತ್ತು.

ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಆಗ ಅಡ್ಡಗೋಡೆಯ ಆಚೆಯಿಂದ ಯಾರಿಗೂ ಅಲ್ಲದ ಗೊಣಗು ಕೇಳಿಸಿತು: "ಅಲ್ಲ, ನಾನು ಕೆಳಗಿಳಿಸಿ ಹೋದಷ್ಟೂ ಇದು ಅರವತ್ತಕ್ಕೇ ಹತ್ತಿ ಕೂರುತ್ತಲ್ಲ, ಇದಕ್ಕೇನು ದೆವ್ವ ಹಿಡಿದಿದೆಯಾ?"

ಹುಡುಗಿ ಎದ್ದು ನಿಂತಳು. ಸೇರಿದಾಗಿನಿಂದ ಆ ಕೋಣೆಯಲ್ಲಿ ಅವಳು ಯಾರಿಗೂ ಕೇಳಿಸುವಂತೆ ಮಾತಾಡಿದವಳಲ್ಲ. "ಸರ್, ಮೂವತ್ತು ಮಾಡ್ತಿರೋದು ನೀವಾ?"

ಮಫ್ಲರ್ ಗೋಡೆಯ ಮೇಲೆ ಮೂಡಿತು. "ಭಾರಕ್ಕೆ ಡೇಟಾಬೇಸ್ ಮುಗ್ಗರಿಸ್ತಿದೆ, ಸಂಖ್ಯೆ ಇಳಿಸಿ ಅಂತ ಮೊನ್ನೆ ಅಲ್ಲಿಯವರು ಅಂದ್ರು. ನನ್ನ ಎರಡರಲ್ಲಿ ಇಳಿಸಿದೆ. ನಿನ್ನದಕ್ಕೆ ನಾನ್ಯಾಕೆ ಕೈ ಹಾಕಲಿ?"

ಮೇಡಂ ಹಣೆ ಚಚ್ಚಿಕೊಂಡರು. ಹೋದ ತಿಂಗಳು ಎಲ್ಲ ಸರ್ವರ್‌ಗಳಿಗೂ ಒಂದೇ ಉಗ್ರಾಣವಾಗಿ ಹೊಸ ನೆಟ್‌ವರ್ಕ್ ಸ್ಟೋರೇಜ್ ಬಂದಾಗ, ನಾಲ್ಕೂ ಕಡೆ ಬೇರೆ ಬೇರೆ ಇಡುವುದೇಕೆಂದು ಮಿಡಲ್‌ವೇರನ್ನೂ ಆ ಸಂಖ್ಯೆಯಿರುವ ಕಡತವನ್ನೂ ಅದರಲ್ಲಿ ಒಂದೇ ಒಂದು ಕಡೆ ಹಾಕಿಸಿ, ನಾಲ್ಕು ಸರ್ವರ್‌ಗಳನ್ನೂ ಅದಕ್ಕೇ ಜೋಡಿಸಿದ್ದರಂತೆ. ಇಬ್ಬರಿಗೂ ಹೇಳಬೇಕಾಗಿದ್ದವನು ಕೆಲಸ ಬಿಟ್ಟು ಹೋಗುವ ಗಡಿಬಿಡಿಯಲ್ಲಿ ಹೇಳದೆಯೇ ಹೋಗಿದ್ದ. "ಬಾಗಿಲು ನಾಲ್ಕಾದ್ರೂ ಅಡುಗೆಮನೆ ಒಂದೇ," ಎಂದರು ಮೇಡಂ. "ನೀನು ಉಪ್ಪು ಹಾಕ್ತೀಯ, ಇವರು ಬಂದು ನೀರು ಸುರೀತಾರೆ. ಕೇಳಬಾರದಾ ಒಬ್ಬರನ್ನೊಬ್ಬರು?"

ಮಫ್ಲರ್ ಸರ್ ನಕ್ಕೇ ನಕ್ಕರು, ನಗುತ್ತ ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು. ಅರಳುಮರಳು ಶುರುವಾಯಿತೆಂದು ಹೆದರಿ, ಹೆಂಡತಿಗೂ ತಿಳಿಯದಂತೆ ಜ್ಞಾಪಕಶಕ್ತಿಯ ಟಾನಿಕ್ ಕುಡಿಯುತ್ತಿದ್ದರಂತೆ. ಸಂಖ್ಯೆ ಎಷ್ಟಿರಬೇಕೆಂದು ಮೂವರೂ ಕೂತು ತೀರ್ಮಾನಿಸಿದರು. ಹೊರಡುವಾಗ ಮೇಡಂ, ಸೋಮವಾರ ಕಾಯಂ ಆದೇಶ ಕೈಗೆ ಬರುತ್ತೆ ಎಂದು ಅವಳ ಭುಜ ತಟ್ಟಿದರು.

ತಲೆ ನೆಟ್ಟಗಿದೆ. ಬಸ್ಸಿನಿಂದ ಇಳಿದು ಮನೆ ಮುಟ್ಟುವವರೆಗೂ ಹುಡುಗಿ ಅದನ್ನೇ ಸಿಹಿಯಂತೆ ನಾಲಿಗೆಯ ಮೇಲೆ ಉರುಳಿಸಿಕೊಂಡಳು. ಹಾಲು ಕಾಯಿಸಿದಳು, ಪಾತ್ರೆ ಇಳಿಸಿದಳು, ಒಲೆ ಆರಿಸಿದಳು. "ಆರಿಸಿದೆ," ಎಂದು ತನಗೆ ತಾನೇ ಹೇಳಿಯೂ ಹೇಳಿದಳು. ನಡುಮನೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸತೊಡಗಿದಳು. ಅಲ್ಲಿಂದ ಒಲೆ ಕಾಣುತ್ತಿತ್ತು.

ಅಮ್ಮ ಅಡುಗೆಮನೆಗೆ ಹೋದಳು. ಒಲೆ ಹಚ್ಚಿದಳು. ಏನನ್ನೋ ಹುಡುಕುವವಳಂತೆ ಕಪಾಟಿನತ್ತ ಕೈ ಚಾಚಿದಳು. ಕೈ ಅಲ್ಲೇ ನಿಂತಿತು. ಒಂದಷ್ಟು ಹೊತ್ತು ಆ ಕೈಯನ್ನೇ ನೋಡಿಕೊಂಡು ನಿಂತಳು. ಆಮೇಲೆ ಕಿಟಕಿಯ ಪರದೆ ಸರಿಸಿ, ಈಚೆ ಬಂದು ಮಗಳ ಪಕ್ಕದಲ್ಲೇ ಕೂತಳು. ಬರಿಯ ಒಲೆಯ ಮೇಲೆ ನೀಲಿ ಉರಿ ಸುಯ್ಯೆನ್ನುತ್ತಿತ್ತು.

ಆ ಸದ್ದಿಗೆ ಅಮ್ಮನೇ ತಲೆ ಎತ್ತಿದಳು. "ನೋಡು, ಇವತ್ತೂ ಹಾಗೇ ಬಿಟ್ಟು ಬಂದಿದೀಯಲ್ಲೇ. ತಲೆ ಎಲ್ಲಿಟ್ಟಿರ್ತೀಯ?"

ಹುಡುಗಿಯ ಕೈಯಲ್ಲಿ ಅಮ್ಮನ ಸೀರೆ ಅರ್ಧ ಮಡಿಸಿದ್ದು ಹಾಗೇ ಇತ್ತು. ಎದ್ದು ಹೋಗಿ ಒಲೆ ಆರಿಸಿ ಬಂದಳು.

"ಮರೆತೇಹೋಯ್ತಮ್ಮ," ಎಂದಳು.