ಒರಿಜಿನಲ್ ಫೈಲು

"ಇಷ್ಟು ದೊಡ್ಡದು ಮಾಡಿದ್ರೆ ಮುಖ ಒಡೆದುಹೋಗುತ್ತೆ ಸಾರ್," ಎಂದು ಸ್ಟುಡಿಯೋದಾಕೆ ಪರದೆಯನ್ನು ತಾಯಿ, ಮಗನತ್ತ ತಿರುಗಿಸಿದಳು. ಮನೆಮಂದಿಯ ಆ ಫೋಟೋದಲ್ಲಿ ತಾಯಿಯ ಕೆನ್ನೆ ಚೌಕ ಚೌಕವಾಗಿ ಕಾಣುತ್ತಿತ್ತು. "ವಾಟ್ಸಾಪಲ್ಲಿ ಬಂದಿದ್ದಲ್ವಾ? ಇದರಲ್ಲಿ ಪಿಕ್ಸೆಲ್ಲೇ ಸಾಲಲ್ಲ. ಒರಿಜಿನಲ್ ಫೈಲ್ ತರಿಸಿ."

ಒರಿಜಿನಲ್ ಇದ್ದದ್ದು ಅಕ್ಕನ ಹತ್ತಿರ. ಅವಳು ಗಂಡನನ್ನು ಬಿಟ್ಟ ಮೇಲೆ ಮನೆಯವರು ಅವಳೊಂದಿಗೆ ಮಾತು ಬಿಟ್ಟಿದ್ದರು. ಬೇರೆ ದಾರಿಯಿಲ್ಲದೆ ಮಗ ಫೋನ್ ಮಾಡಿದ. "ಮನೆ ಹಾಲ್ ಗೋಡೆಗೆ ಹಾಕೋಕಾ? ನಾವೆಲ್ಲ ಇರೋದಾ?" ಅಕ್ಕ ಹಿಗ್ಗಿಹೋದಳು. "ಈಗಲೇ ಕಳಿಸ್ತೀನಿ ಕಣೋ. ಟೈಮರ್ ಇಟ್ಟು ಓಡಿಬಂದು ನಿಂತಿದ್ದೆ, ನೆನಪಿದೆಯಾ? ಫೋಕಸ್ ಅಮ್ಮನ ಕಣ್ಣ ಮೇಲೇ ಇದೆ. ಅಮ್ಮ ಚೆನ್ನಾಗಿದ್ದಾಳಾ?" ಅವನು "ಹ್ಞೂಂ" ಎಂದು ಫೋನಿಟ್ಟ.

ಫೈಲು ಬಂತು. ತಾಯಿಯ ರೆಪ್ಪೆಗೂದಲು ಕೂಡ ಸ್ಪಷ್ಟವಾಗಿತ್ತು. "ಆ ಕೊನೇಲಿ ನಿಂತಿರೋಳನ್ನ ಕ್ರಾಪ್ ಮಾಡಿ," ಎಂದ ಮಗ. "ತಂಗೀನ ಮದುವೆ ಆಗೋ ಹುಡುಗನ ಮನೆಯವರು ನಾಳೆ ಬರ್ತಾರೆ. ಇವಳ್ಯಾರು ಅಂತ ಕೇಳಬಾರದು." ಸ್ಟುಡಿಯೋದಾಕೆ ಚಿತ್ರದ ಅಂಚನ್ನು ಒಳಗೆಳೆದಳು. ಅಕ್ಕ ಮಾಯವಾದಳು, ತಾಯಿಯ ಭುಜದ ಮೇಲಿದ್ದ ಅವಳ ಕೈ ಮಾತ್ರ ಉಳಿಯಿತು. "ಇನ್ನೂ ಕತ್ತರಿಸಿದ್ರೆ ನಿಮ್ಮ ಭುಜಾನೂ ಹೋಗುತ್ತೆ. ಕೈ ಹಾಗೇ ಬಿಡಲಾ ಅಮ್ಮ?"

ತಾಯಿ ಎದ್ದು ಬಂದು, ಪರದೆಗೆ ಮುಖ ತಾಗುವಷ್ಟು ಬಾಗಿ, ಆ ಬೆರಳುಗಳನ್ನೇ ತುಂಬ ಹೊತ್ತು ನೋಡಿದಳು. ಮಗ ಮುಖ ಬೇರೆ ಕಡೆ ಹೊರಳಿಸಿದ.

"ಅದರ ಮೇಲೆ ನನ್ನ ಬಟ್ಟೆ ಬಣ್ಣಾನೇ ಬಳಿದುಬಿಡಮ್ಮ," ಎಂದಳು ತಾಯಿ. "ಗೊತ್ತಾಗಬಾರದು, ಅಷ್ಟೇ."